ಮಾಲ್ಟಾ ತಂಡಕ್ಕೆ ನಾನು ಹೊಲಿದ ಅಂಗಿ

ಚನ್ನರಾಯಪಟ್ಟಣದಲ್ಲಿ ಶಾಲೆಗೆ ಹೋದವರ ಪೈಕಿ ಅರ್ಧಕ್ಕರ್ಧ ಜನರ ಮೈ ಅಳತೆ ನನಗೆ ಗೊತ್ತು. ನಾನು ಯೂನಿಫಾರಂ ಹೊಲಿಯುವ ದರ್ಜಿ. ಇವತ್ತು ಕಾರಿನಿಂದ ಗತ್ತಾಗಿ ಇಳಿಯುವ ಎಷ್ಟೋ ದೊಡ್ಡ ಮನುಷ್ಯರು ಒಂದು ಕಾಲದಲ್ಲಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೈ ಅಗಲಿಸಿ ನಿಂತು ಮೂಗು ಸುರಿಸಿದವರೇ! ಹೀಗಿರುವಾಗ ಹೊರದೇಶದ ಒಂದು ಫುಟ್ಬಾಲ್ ತಂಡಕ್ಕೆ ಅಂಗಿ ಹೊಲಿಯುವುದು ಯಾವ ಮಹಾ ಕೆಲಸ ಎಂದು ನನಗನ್ನಿಸಿದ್ದರಲ್ಲಿ ತಪ್ಪೇನಿದೆ?

ಕೆಲಸ ತಂದುಕೊಟ್ಟವಳು ಅಕ್ಕನ ಮಗಳು ಸುಮ. ಅರಕಲಗೂಡಿನ ಹುಡುಗಿ, ಈಗ ಮಾಲ್ಟಾ ದೇಶದಲ್ಲಿ ನರ್ಸು. ಮ್ಯಾಪಿನಲ್ಲಿ ಆ ದೇಶ ನನ್ನ ಕಣ್ಣಿಗೆ ಬೀಳಲೇ ಇಲ್ಲ. ನನ್ನ ಹೆಂಡತಿ ರತ್ನ ಸಮುದ್ರದ ನಡುವೆ ಸೂಜಿಯ ಮೊನೆ ಇಟ್ಟು ತೋರಿಸಿದಳು. ಸೂಜಿ ತೆಗೆದ ಮೇಲೆ ಮತ್ತೆ ಕಾಣೆಯಾಯಿತು!

“ಮಾವ, ನಾನಿರೋದು ನಮ್ ಅರಕಲಗೂಡಿಗಿಂತ ಚಿಕ್ಕೂರು,” ಎಂದಳು ಸುಮ ಫೋನಿನಲ್ಲಿ. “ಚರ್ಚ್ ಮುಂದ್ಗಡೆನೇ ಫುಟ್ಬಾಲ್ ಕ್ಲಬ್ಬು. ನಮ್ ಕಡೆ ಟೀ ಅಂಗ್ಡೀಲಿ ಎಲೆಕ್ಷನ್ ಮಾತಾಡ್ದಂಗೆ ಇಲ್ಲಿ ಮುದುಕ್ರೆಲ್ಲ ಫುಟ್ಬಾಲ್ ಮಾತಾಡ್ತರೆ. ಕ್ಲಬ್ಬಿನ ಸೆಕ್ರೆಟ್ರಿನೇ ನಮ್ಮನೆ ಓನರ್ರು. ಕೊನೆ ಮ್ಯಾಚಲ್ಲಿ ಸೋತ್ರೆ ತಂಡಾನ ಕೆಳಗಿನ ಡಿವಿಜನ್‌ಗೆ ತಳ್ಬುಡ್ತರಂತೆ. ಡ್ರಾ ಆದ್ರೂ ಸಾಕು, ಉಳ್ಕತಾರೆ. ಇರೋ ಅಂಗಿ ಎಲ್ಲ ಅರ್ದೋಗವೆ. ಹೊಸದು ನಮ್ಮಾವ ಹೊಲ್ಕೊಡ್ತರೆ ಅಂತ ಮಾತು ಕೊಟ್ಬುಟ್ಟಿದೀನಿ. ನನ್ ಮರ್ಯಾದೆ ನಿನ್ ಕೈಲೈತೆ!”

“ಮರ್ಯಾದೆ ವಿಷ್ಯ ನಂಗ್ ಬುಡವ್ವ,” ಎಂದೆ.

ಫೋನಿಗೆ ಆಟಗಾರರ ಅಳತೆ ಬಂತು. ಇಲ್ಲಿ ನಮ್ಮ ವೃತ್ತಿಯ ಧರ್ಮಸೂಕ್ಷ್ಮವೊಂದನ್ನು ಓದುಗರ ಗಮನಕ್ಕೆ ತರಬೇಕಾಗಿದೆ. ನಮ್ಮ ಸೀಮೆಯ ಯಾವ ತಾಯಿಯೂ ಮಗುವಿನ ಮೈಗೆ ಸರಿಯಾಗಿ ಯೂನಿಫಾರಂ ಹೊಲಿಸುವುದಿಲ್ಲ. “ಸಾ, ಇನ್ನೆರಡ್ ವರ್ಸ ಬರಂಗೆ ಒಲೀರಿ. ಉಡ್ಗ ಬೆಳೀತನೆ,” ಎನ್ನುತ್ತಾಳೆ. ಹಾಗಾಗಿ ಅಳತೆಗಿಂತ ಎರಡಿಂಚು ಹೆಚ್ಚು ಬಿಡುವುದು ನನ್ನ ಕೈಗೆ ಅಂಟಿದ ಅಭ್ಯಾಸ. ನನ್ನನ್ನು ಕೇಳದೆಯೇ ಕೈ ಆ ಕೆಲಸ ಮಾಡಿಬಿಡುತ್ತದೆ. ಮಾಲ್ಟಾದವರಿಗೂ ಮಾಡಿತು. ಆಮೇಲೆ ಕಟಿಂಗ್ ಮಾಸ್ಟರ್ ರಂಗಪ್ಪ, ಯಜಮಾನರು ಮರೆತಿರಬೇಕೆಂದು ಕನಿಕರಪಟ್ಟು, ತಾನೂ ಅಷ್ಟು ಸೇರಿಸಿ ಕತ್ತರಿಸಿದ. ಉದ್ದಕ್ಕಂತೂ ಧಾರಾಳವಾಗಿ ಒಂದು ಗೇಣು! ಸಾಲದೆಂದು ಎಡಗಡೆ ಎದೆಗೆ ಜೇಬನ್ನೂ ಇಟ್ಟ.

“ಫುಟ್ಬಾಲ್ ಅಂಗಿಗೆ ಜೇಬ್ಯಾಕೋ?” ಎಂದೆ.

“ಜೇಬಿಲ್ದಿದ್ರೆ ಪೆನ್ ಎಲ್ಲಿಡ್ತರೆ ಸಾ?”

ಜೇಬು ಉಳಿಯಿತು. ಹೊಲಿಯಲು ಮಿಷನ್ನಿನ ಮುಂದೆ ಕೂತ ರತ್ನ ಒಂದು ಅಂಗಿಯನ್ನು ಎತ್ತಿ ಹಿಡಿದು, “ರೀ, ಇವ್ರು ಬೆಳ್ದು ನಿಂತಿರೋ ಗಂಡಸ್ರಲ್ವೇನ್ರೀ?” ಎಂದಳು.

“ಫಾರಿನ್ನೋರು ಕಣೆ! ಚೀಸು, ಬೆಣ್ಣೆ ತಿನ್ನೋ ಜನ. ಇನ್ನೂ ಬೆಳೆದ್ರೂ ಬೆಳೆದಾರು!” ಎಂದು ಅವಳ ಬಾಯಿ ಮುಚ್ಚಿಸಿದೆ.

ಪಾರ್ಸೆಲ್ಲು ಮಾಲ್ಟಾ ತಲುಪಿದ್ದು ಮ್ಯಾಚಿನ ದಿನ ಬೆಳಿಗ್ಗೆ. ಬದಲಾಯಿಸಲು ಸಮಯವೇ ಇಲ್ಲ. ಆಟವನ್ನು ಕ್ಲಬ್ಬಿನವರು ಫೋನಿನಲ್ಲಿ ನೇರವಾಗಿ ತೋರಿಸುತ್ತಾರೆಂದು ಸುಮ ಹೇಳಿದ್ದರಿಂದ, ನಾನು, ರತ್ನ, ರಂಗಪ್ಪ ಸಂಜೆ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಇಸ್ತ್ರಿ ಮೇಜಿನ ಮೇಲೆ ಫೋನು ನಿಲ್ಲಿಸಿಕೊಂಡು ಕೂತೆವು.

ನಮ್ಮ ತಂಡ ಮೈದಾನಕ್ಕಿಳಿಯಿತು. ಒಬ್ಬನಿಗೂ ಚಡ್ಡಿ ಕಾಣಲಿಲ್ಲ!

“ಎಲ್ರೂ ಬರೀ ಅಂಗೀಲಿ ಬಂದ್ಬುಟ್ಟವ್ರಾ ಸಾ?” ಎಂದ ರಂಗಪ್ಪ ಗಾಬರಿಯಿಂದ. ಚಡ್ಡಿ ಇತ್ತು. ಅಂಗಿಯ ಒಳಗಿತ್ತು. ಸಮುದ್ರದ ಕಡೆಯಿಂದ ಗಾಳಿ ಬೀಸಿದಾಗ ಮಾತ್ರ ದರ್ಶನ ಕೊಡುತ್ತಿತ್ತು. ರೆಫರಿ ಒಬ್ಬ ಆಟಗಾರನ ಜೇಬಿನೊಳಕ್ಕೆ ಬೆರಳು ಹಾಕಿ ನೋಡಿದ. ಜನ ನಗುವುದು ಚನ್ನರಾಯಪಟ್ಟಣಕ್ಕೂ ಕೇಳಿಸಿತು. ಅಷ್ಟರಲ್ಲಿ ಚೆಂಡು ಹಾರಿಬಂತು. ತಡೆಯಲು ನಮ್ಮವನು ನೆಗೆದ. ಅವನ ಜೊತೆ ಅಂಗಿಯೂ ನೆಗೆದು ಅವನ ಮುಖ ಮುಚ್ಚಿತು. ಎದುರಾಳಿಗಳಿಗೆ ಗೋಲು!

ಅರ್ಧ ಆಟಕ್ಕೆ ಸುಮ ಫೋನು ಮಾಡಿದಳು. “ಮಾವಾ! ಅಂಗಿ ಹೊಲ್ಕೊಡು ಅಂದ್ರೆ ನೈಟಿ ಹೊಲ್ದು ಕಳ್ಸಿದೀಯಲ್ಲ! ಓನರ್ರು ನನ್ ಮುಖಾನೇ ನೋಡ್ತಿಲ್ಲ. ಇವ್ರು ಸೋತ್ರೆ ಈ ಊರಲ್ಲಿ ನಾನ್ ಹೆಂಗ್ ಮಾವ ತಲೆ ಎತ್ಕಂಡು ಓಡಾಡ್ಲಿ?”

ಗುರುತಿಲ್ಲದ ಊರಿನಲ್ಲಿ ಒಂಟಿ ಹುಡುಗಿ ನಾಲ್ಕು ಜನರ ವಿಶ್ವಾಸ ಗಳಿಸಿಕೊಂಡಿದ್ದಳು. ಅದನ್ನು ನಾನು ನನ್ನ ಕತ್ತರಿಯಿಂದಲೇ ಕತ್ತರಿಸಿಹಾಕಿದೆನಲ್ಲ ಎಂದು ಬಹಳ ಸಂಕಟವಾಯಿತು. “ಅಂಗೀನ ಚಡ್ಡಿಯೊಳಕ್ಕೆ ಸಿಗ್ಸ್ಕೊಳ್ಳಕ್ಕೆ ಹೇಳವ್ವ,” ಎಂದಷ್ಟೇ ಹೇಳಿದೆ.

ಸಿಗಿಸಿಕೊಂಡು ಬಂದರು. ಎಲ್ಲರೂ ಬೀಗರೂಟ ಮುಗಿಸಿ ಎದ್ದವರಂತೆ ಕಂಡರು. ಆದರೂ ಪಾಪ, ಜೀವ ಬಿಟ್ಟು ಆಡಿದರು. ಆಟ ಇನ್ನೇನು ಮುಗಿಯಬೇಕು, ನಮ್ಮ ಕಡೆಯ ಸಣಕಲು ಹುಡುಗನೊಬ್ಬ ಚೆಂಡಿನೊಂದಿಗೆ ಗೋಲಿನತ್ತ ನುಗ್ಗಿದ. ಓಟದ ರಭಸಕ್ಕೆ ಅಂಗಿ ಚಡ್ಡಿಯಿಂದ ಕಿತ್ತುಕೊಂಡು ಹಿಂದೆ ಹಾರಾಡಿತು. ಎದುರಾಳಿಯೊಬ್ಬ ಅದರ ತುದಿ ಹಿಡಿದ. ನಮ್ಮವನು ಓಡುತ್ತಲೇ ಇದ್ದ. ಬಟ್ಟೆ ಬರುತ್ತಲೇ ಇತ್ತು! ಕಡೆಗೆ ಇಬ್ಬರೂ ಗೋಲಿನ ಮುಂದೆಯೇ ದಬ್ಬೆಂದು ಬಿದ್ದರು. ರೆಫರಿ ಸೀಟಿ ಊದಿದ.

ಗೋಲಿನ ಹತ್ತಿರ ಅಂಗಿ ಹಿಡಿದೆಳೆದರೆ ಪೆನಾಲ್ಟಿ ಎಂಬ ಕಾನೂನು ನನಗೆ ತಿಳಿದದ್ದು ಆಗಲೇ. ಎದ್ದು ನಿಂತ ಹುಡುಗ ಚೆಂಡಿಗೆ ಒದ್ದ. ರಂಗಪ್ಪ ಕಣ್ಣು ಮುಚ್ಚಿಕೊಂಡ. ಗೋಲ್! ಆಟ ಡ್ರಾ! ತಂಡ ಉಳಿಯಿತು!

“ನೋಡಿದ್ಯಾ? ಅಷ್ಟು ಜಗ್ಗಿದ್ರೂ ಹೊಲಿಗೆ ಬಿಚ್ಚಲಿಲ್ಲ!” ಎಂದು ನಾನು ಕುಣಿದೆ.

“ಹೊಲ್ದೋಳು ನಾನು!” ಎಂದಳು ರತ್ನ.

ಸುಮ ಮತ್ತೆ ಫೋನು ಮಾಡಿದಾಗ ಹಿಂದೆ ಡೋಲು, ಪಟಾಕಿ. “ಮಾವ, ಅಂಗಿಯಿಂದ್ಲೇ ಉಳ್ಕಂಡ್ವಿ ಅಂತವ್ರೆ ಓನರ್ರು! ಕ್ಲಬ್ಬಿನ ಹುಡುಗ್ರ ತಂಡಕ್ಕೂ ನೀನೇ ಹೊಲಿಬೇಕಂತೆ!” ಅವಳು ನಗುತ್ತಿದ್ದಳು. ನಾನು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡೆ.

ಹುಡುಗರ ಅಳತೆ ಬಂತು. “ರೀ, ಇವು ಮಕ್ಳು. ಇವಕ್ಕೆ ಎರಡಿಂಚು ಬಿಡಿ,” ಎಂದಳು ರತ್ನ.

“ಮುಚ್ಚೆ ಬಾಯಿ! ಎಕ್ಸ್‌ಪೋರ್ಟಲ್ಲಿ ಅಳತೆ ಅಂದ್ರೆ ಅಳತೆ!” ಎಂದು ಗುಡುಗಿದೆ. ಪಾಠ ಕಲಿತ ಮನುಷ್ಯ ನಾನು! ರಂಗಪ್ಪನ ಪಕ್ಕದಲ್ಲೇ ಕಾವಲು ನಿಂತು, ಒಂದು ನೂಲೂ ಹೆಚ್ಚಾಗದಂತೆ ಕತ್ತರಿ ಹಾಕಿಸಿದೆ.

ಈ ಸಲ ಪಾರ್ಸೆಲ್ಲು ಯಾವುದೋ ಕಸ್ಟಮ್ಸಿನಲ್ಲಿ ಕೂತುಬಿಟ್ಟಿತು. ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಬಂತು, ಹೋಯಿತು. ಕೊನೆಗೆ ಸುಮ ಫೋಟೋ ಕಳಿಸಿದಳು. ಹುಡುಗರೆಲ್ಲ ಸಾಲಾಗಿ ನಿಂತು ಹಲ್ಲು ಕಿರಿಯುತ್ತಿದ್ದಾರೆ. ಪಕ್ಕದಲ್ಲಿ ಸೆಕ್ರೆಟರಿ, ಅವರ ಜೊತೆ ಸುಮ, ಇಬ್ಬರ ಮುಖದಲ್ಲೂ ನಗು. ಒಬ್ಬ ಹುಡುಗನ ಅಂಗಿಯೂ ಹೊಕ್ಕುಳ ಮುಟ್ಟಿಲ್ಲ!

“ಹುಡುಗ್ರು ಬೆಳ್ದ್ಬುಟ್ಟವ್ರೆ ಮಾವ,” ಎಂದಳು ಸುಮ. “ಬೇಜಾರಿಲ್ಲ, ಇನ್ನೊಂದ್ ಸೆಟ್ ಹೊಲಿಬೇಕಂತೆ. ಆದ್ರೆ ಈ ಸಲ ಅಳತೆ ಅತ್ತೆ ನೋಡ್ಕಳ್ಲಿ ಅಂತ ಓನರ್ರು ಕೈ ಮುಗ್ದವ್ರೆ.”

ರತ್ನ ನನ್ನ ಮುಖ ನೋಡಿದಳು. ನಾನು ಕೊರಳಲ್ಲಿದ್ದ ಟೇಪು ತೆಗೆದು ಅವಳ ಕೊರಳಿಗೆ ಹಾಕಿದೆ. ಮದುವೆ ದಿನ ಹಾರವನ್ನೂ ಅಷ್ಟು ಭಕ್ತಿಯಿಂದ ಹಾಕಿರಲಿಲ್ಲ! ಈಗ ಅಂಗಡಿಯಲ್ಲಿ ಅಳತೆ ಅವಳದು. ಗುಂಡಿ ಹಚ್ಚುವ ಕೆಲಸ ನನ್ನದು. ಹಚ್ಚಿದ್ದನ್ನು ರಂಗಪ್ಪ ಒಮ್ಮೆ ಎಳೆದು ನೋಡುತ್ತಾನೆ.