ಮೂರನೇ ಗೂಡಿನ ಮೊಲ

ಹೃದಯದ ಸೋಂಕಿನ ಮೇಲೆ ಸಂಶೋಧನೆ ಮಾಡುವವಳೆಂದರೆ ಜನಕ್ಕೆ ಏನೇನೋ ಕಲ್ಪನೆ. ಸಿರುಗುಪ್ಪದ ನನ್ನ ನೆಂಟರಂತೂ ಮದುವೆ ಊಟದ ಪಂಕ್ತಿಯಲ್ಲೇ ಇಸಿಜಿ ಬಿಚ್ಚಿ ಎಲೆಯ ಪಕ್ಕ ಇಡುತ್ತಾರೆ. ನನ್ನ ರೋಗಿಗಳೆಲ್ಲ ಮೊಲಗಳು, ಅವುಗಳಲ್ಲಿ ಒಂದೂ ಇದುವರೆಗೆ ಬದುಕಿಲ್ಲ ಎಂದು ಹೇಳಲು ಬಾಯಿ ಬರುವುದಿಲ್ಲ. ಗಂಭೀರವಾಗಿ "ಉಪ್ಪು ಕಡಿಮಿ ಮಾಡ್ರಿ" ಎಂದು ಹೇಳಿ ಉಪ್ಪಿನಕಾಯಿಗೆ ಕೈ ಹಾಕುತ್ತೇನೆ.

ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಈ ಸಲದ ಕೆಲಸ ಹೀಗಿತ್ತು: ಮೊಲಗಳ ಹೃದಯದ ಕವಾಟಕ್ಕೆ ನಾವೇ ಬ್ಯಾಕ್ಟೀರಿಯಾ ತಗುಲಿಸಿ, ಅರ್ಧಕ್ಕೆ ಒಂದೇ ಆಂಟಿಬಯಾಟಿಕ್, ಉಳಿದರ್ಧಕ್ಕೆ ಎರಡು ಸೇರಿಸಿ ಕೊಟ್ಟು, ಯಾವುದು ಮೇಲು ಎಂದು ನೋಡುವುದು. ರೋಗ ಕೊಡುವವಳೂ ನಾನೇ, ಮದ್ದು ಕೊಡುವವಳೂ ನಾನೇ. ಇಷ್ಟು ಸ್ವಾವಲಂಬಿಯಾದ ವೈದ್ಯೆ ಜಿಲ್ಲೆಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ.

ಮೊಲಗಳನ್ನು ನೋಡಿಕೊಳ್ಳುವವರು ಕೊಳಗಲ್ಲಿನ ಈರಪ್ಪ. ಐವತ್ತು ದಾಟಿದವರು, ಬ್ರೂಸ್‌ಪೇಟೆಯ ಮಾರುಕಟ್ಟೆಯಲ್ಲಿ ಕ್ಯಾರೆಟ್ ಮುರಿದು ರುಚಿ ನೋಡಿಯೇ ತರುವವರು. ಒಂದೇ ಮದ್ದಿನ ಗುಂಪಿನಲ್ಲಿದ್ದ ಮೂರನೇ ಗೂಡಿನ ಮೊಲ ಜ್ವರ ಬಿಟ್ಟು, ಮೇವು ತಿಂದು, ಜಿಗಿಯತೊಡಗಿತ್ತು. ಪ್ರಯೋಗದ ಕೊನೆಯ ದಿನ ನಾನು ಅದರ ಪ್ರಾಣ ತೆಗೆಯುವ ಸಿರಿಂಜ್ ಹಿಡಿದು ಹೋದರೆ ಅವರು ಗೂಡಿಗೆ ಅಡ್ಡ ನಿಂತರು.

"ಆರಾಮಾಗೈತ್ರಿ ಮೇಡಂ. ಆರಾಮಾತು ಅಂತ ಬರಕೊಂಡು ಬಿಟ್ಟುಬಿಡ್ರಿ."

"ಜ್ವರ ಹೋದ್ರ ಸಾಲಂಗಿಲ್ಲ ಈರಪ್ಪಣ್ಣ. ಕವಾಟ ತೆಗದು ನೋಡಿದ್ರನ ಗೊತ್ತಾಗೋದು."

ಅವರು ತಾವೇ ಮೊಲವನ್ನು ಎತ್ತಿ ಕೊಟ್ಟರು. ನಾನು ಸೂಜಿ ಚುಚ್ಚುವಾಗ ಅದರ ಬೆನ್ನು ಸವರುತ್ತಿದ್ದರು. ಕವಾಟದ ಮೇಲೆ ಜೋಳದ ಕಾಳಿನಷ್ಟು ಗಂಟಿತ್ತು. ಅದನ್ನು ಅರೆದು ಗಾಜಿನ ತಟ್ಟೆಗೆ ಹಚ್ಚಿಟ್ಟರೆ, ಮರುದಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾದ ಬಿಳಿ ಚುಕ್ಕೆಗಳು. ಮೊಲ ಗುಣವಾಗಿರಲೇ ಇಲ್ಲ. ಪಾಠ ಹೇಳುವ ಚಟ ನೋಡಿ, ತಟ್ಟೆಯನ್ನು ಅವರಿಗೂ ತೋರಿಸಿದೆ.

"ಚಂದಾಗಿ ಜಿಗೀತಿತ್ತಲ್ರಿ," ಎಂದರು. ಆಮೇಲೆ ಮೆಲ್ಲಗೆ, "ಕುರುಗೋಡಿಗೆ ಕೊಟ್ಟಿದ್ದ ನಮ್ಮ ತಂಗಿಗೂ ಇದ ಬ್ಯಾನಿ ಇತ್ರಿ. ಜ್ವರ ಬಿಡ್ತು. ಡಾಕ್ಟರು, ಇನ್ನಾ ಇಂಜೆಕ್ಷನ್ ಅದಾವು, ಇರ್ರಿ ಅಂದ್ರು. ನಾನ ಜಗಳಾ ಮಾಡಿ ಮನಿಗಿ ಕರಕೊಂಡು ಹೋದೆ. ರೊಟ್ಟಿ ಬಡಿತಿದ್ಲು, ನಗತಿದ್ಲು. ಎಂಟ್ಹತ್ತು ದಿನದಾಗ ಹೋಗಿಬಿಟ್ಲು. ಹಂಗಾರ ಅಕಿ ಒಳಗೂ ಹಿಂಗ ಇತ್ತೇನ್ರಿ?"

ತಾಸುಗಟ್ಟಲೆ ಉಪನ್ಯಾಸ ಕೊಡುವ ನನಗೆ 'ಇಲ್ಲ' ಎಂಬ ಎರಡಕ್ಷರದ ಸುಳ್ಳು ಹೊರಡಲಿಲ್ಲ. 'ಹೌದು' ಎನ್ನುವ ಧೈರ್ಯವೂ ಬರಲಿಲ್ಲ. "ಇರಬಹುದು" ಎಂದೆ. ಅವರು ತಟ್ಟೆ ನನ್ನ ಕೈಗಿತ್ತು ಗೂಡು ತೊಳೆಯಲು ಹೋದರು.

ಉಳಿದ ಮೊಲಗಳನ್ನೂ ನೋಡಿ ಮುಗಿಸಿ ವರದಿ ಬರೆದೆ. ಎರಡು ಮದ್ದು ಸೇರಿಸಿದ್ದೇ ಮೇಲು. ಇಂಥ ವರದಿಯ ಕೊನೆಗೆ, ಪ್ರಾಣಿಗಳಿಗೆ ಅನಗತ್ಯವಾಗಿ ನೋವಾಗದಂತೆ ಎಚ್ಚರ ವಹಿಸಲಾಗಿದೆ ಎಂದು ಬರೆಯಬೇಕು. ನಾನೂ ಬರೆದು ಸಹಿ ಮಾಡಿದೆ. ಪ್ರಾಣಿಗಳ ಮಟ್ಟಿಗೆ ಅದು ನಿಜವೇ.