ಮರಿಯಯ್ಯ ಮೇಷ್ಟ್ರು ಮುಚ್ಚಿದ ಆನೆ ತಲೆ

"ಇದು ಹೆಣಿಗೆ ಅಲ್ಲ ಕಣೆ, ಕಳೆಯೋ ಲೆಕ್ಕ! ಇಪ್ಪತ್ತಾರು ವರ್ಷದಿಂದ ಹೇಳ್ಕೊಡ್ತಾ ಇದೀನಿ. ಕೊಡಿಲ್ಲಿ!"

ಪಾಂಡವಪುರದ ಗಣಿತದ ಮೇಷ್ಟ್ರು ಮರಿಯಯ್ಯನವರು ಹೀಗೆ ಘೋಷಿಸಿ, ಹೆಂಡತಿ ಸೋಮಮ್ಮನವರ ಕೈಯಿಂದ ಕ್ರೋಶಾ ಕಡ್ಡಿ ಕಿತ್ತುಕೊಂಡದ್ದು ೧೯೯೪ರ ಒಂದು ಭಾನುವಾರ. ನಾಗಮಂಗಲದ ಮಗಳ ಮನೆಯಲ್ಲಿ ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆ ಇನ್ನೊಂದೇ ವಾರ. ಅಲ್ಲಿನ ಬೀಗಿತ್ತಿ ಚಿಕ್ಕಬೋರಮ್ಮನವರು ಯಾವ ಉಡುಗೊರೆಯನ್ನಾದರೂ ಮಗುವಿಗಿಂತ ಮೊದಲು ತಾವೇ ತಿರುವಿ ಮುರುವಿ ನೋಡುವವರು. ಅಂಥವರೆದುರು ಸೋಮಮ್ಮನವರು, "ಗೊಂಬೆ ಆನೆ ನಾನೇ ಎಣೆದು ತತ್ತೀನಿ" ಎಂದುಬಿಟ್ಟಿದ್ದರು.

ಬೂದು ಬಣ್ಣದ ಉಲ್ಲನ್ ದಾರದಲ್ಲಿ ಮೈ, ಕಾಲು, ಕಿವಿ, ಸೊಂಡಿಲು ಚೆನ್ನಾಗಿಯೇ ಬಂದಿದ್ದವು. ತೊಂದರೆ ತಲೆಯದು. ಅದು ಉಂಡೆಯಾಗಬೇಕಾದರೆ ಪ್ರತಿ ಸುತ್ತಿನಲ್ಲೂ ಆರಾರು ಕುಣಿಕೆ ಕಡಿಮೆ ಮಾಡುತ್ತ ಬರಬೇಕು. ಕಡಿಮೆ ಮಾಡಿದಲ್ಲೆಲ್ಲ ತೂತು! ತೂತಿನಿಂದ ಒಳಗೆ ತುಂಬಿದ ಹತ್ತಿ ಇಣುಕಿ, ಎಳೆಯ ಆನೆಗೆ ಅಕಾಲದಲ್ಲಿ ತಲೆ ನರೆತಂತೆ ಕಾಣುತ್ತಿತ್ತು. ಎರಡು ಸಲ ಬಿಚ್ಚಿ ಹೆಣೆದರೂ ಅದೇ ಪಾಡು.

ಪಕ್ಕದ ಮನೆಯ ಅಖ್ತರ್ ಬೇಗಂ ಬಂದು ಉಪಾಯ ತೋರಿಸಿದರು. "ನೋಡಿ ಸೋಮಕ್ಕ, ಒಂದೊಂದು ಕುಣಿಕೆ ತಲೇಲೂ ಎರಡು ಎಳೆ ಅದೆ. ಎರಡ್ರ ಅಡೀನೂ ಕಡ್ಡಿ ತೂರಿಸ್ಬೇಡಿ. ಇದರದ್ದು ಮುಂದಿನ ಎಳೆ, ಪಕ್ಕದ್ದರ ಮುಂದಿನ ಎಳೆ, ಅಷ್ಟೇ ಎತ್ಕೊಳ್ಳಿ. ಒಟ್ಟಿಗೆ ದಾರ ಎಳೀರಿ. ಬಸ್, ತೂತು ಗಾಯಬ್!"

ಪೇಪರಿನ ಹಿಂದೆ ಕೂತು ಇದನ್ನು ಕೇಳಿಸಿಕೊಂಡ ಮೇಷ್ಟ್ರು ತಡೆಯಲಾಗದೆ, ಆನೆಯ ತಲೆಯ ಸಂಪೂರ್ಣ ಹೊಣೆ ಹೊತ್ತದ್ದು ಆಗಲೇ.

ಮೊದಲ ಮೂರು ದಿನ ಅವರು ಹೆಣೆದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ದಾರ ಕಾಲಿಗೆ ಸುತ್ತಿಕೊಂಡು ಹಾಲಿನ ಚೊಂಬನ್ನೂ ಉರುಳಿಸಿದರು. ನಾಲ್ಕನೆಯ ದಿನ ಬೆರಳುಗಳು ಮಾತು ಕೇಳಿದವು. ಮೂವತ್ತಾರು, ಮೂವತ್ತು, ಇಪ್ಪತ್ತನಾಲ್ಕು... ಒಂದೇ ಒಂದು ತೂತಿಲ್ಲ! ಹೊರಡುವ ದಿನ ಬೆಳಿಗ್ಗೆ ಕೊನೆಯ ಆರು ಕುಣಿಕೆ ಬಿಗಿದು, ಮೂರು ಗಂಟು ಹಾಕಿ, ದಾರದ ತುದಿಯನ್ನು ಒಳಗೆ ಅಡಗಿಸಿ, ಕಿರೀಟ ಒಪ್ಪಿಸುವಂತೆ ಹೆಂಡತಿಯ ಮುಂದೆ ಹಿಡಿದರು.

"ಎಲ್ಲಿ, ಒಂದು ತೂತು ತೋರ್ಸು ನೋಡೋಣ!"

ಸೋಮಮ್ಮನವರು ತೆಗೆದುಕೊಂಡರು. ತಲೆ ಅಂಗೈ ಮೇಲೆ ಮಡಿಚಿಕೊಂಡು ಬಿತ್ತು.

"ತೂತೇನೋ ಇಲ್ಲ. ಹತ್ತಿ ಎಲ್ರೀ?"

ಹತ್ತಿ ಕಿಟಕಿಯ ಬಳಿ ಚೀಲದಲ್ಲಿತ್ತು. ಇಡಿಯಾಗಿ.

"ಅದಕ್ಕೇನೀಗ? ಬಿಚ್ಚಿದ್ರಾಯ್ತು," ಎಂದ ಮೇಷ್ಟ್ರು ದಾರದ ತುದಿ ಹುಡುಕಿದರು. ಕನ್ನಡಕ ಹಾಕಿ ಹುಡುಕಿದರು. ಕನ್ನಡಕ ಒರೆಸಿ ಹುಡುಕಿದರು. ಅಖ್ತರ್ ಬೇಗಂ ಬಂದು ಬಿಸಿಲಿಗೆ ಹಿಡಿದು ನೋಡಿದರು.

"ಮಾಷಾ ಅಲ್ಲಾ ಮೇಷ್ಟ್ರೇ! ಇಷ್ಟು ಸಾಫಾಗಿ ನನಗೇ ಬರಾಕಿಲ್ಲ. ಎಲ್ಲಿ ಮುಗಿದದೆ ಅಂತ್ಲೇ ಗೊತ್ತಾಗಲ್ಲ!"

ಬಸ್ಸಿಗೆ ಮುಕ್ಕಾಲು ಗಂಟೆ ಉಳಿದಿತ್ತು. ಮೇಷ್ಟ್ರು ಗಡ್ಡದ ಬ್ಲೇಡು ತಂದರು. ಹಿಂತಲೆಗೆ ಸಣ್ಣದೊಂದು ಗಾಯ ಮಾಡಿ ಹತ್ತಿ ತುರುಕುವ ಯೋಜನೆ. ಕೊಯ್ದದ್ದೇ ತಡ, ಕುಣಿಕೆಗಳು ಒಂದರ ಹಿಂದೊಂದು ಜಾರತೊಡಗಿದವು. ಬೆರಳು ಹೋಗುವ ತೂತು ಮುಷ್ಟಿ ಹೋಗುವಷ್ಟಾಯಿತು! ಹತ್ತಿಯೇನೋ ಧಾರಾಳವಾಗಿ ಒಳಗೆ ಹೋಯಿತು. ಆದರೆ ಬೂದು ದಾರ ಮುಗಿದಿತ್ತು. ಮೇಷ್ಟ್ರು ಗೋಣಿಚೀಲ ಹೊಲಿಯುವ ದಬ್ಬಳಕ್ಕೆ ದಪ್ಪ ಬಿಳಿ ದಾರ ಪೋಣಿಸಿ, ಆ ಕಿವಿಯಿಂದ ಈ ಕಿವಿಯವರೆಗೆ ಹೊಲಿದರು. ಸೋಮಮ್ಮನವರು ತಲೆಯನ್ನು ಮೈಗೆ ಸೇರಿಸಿದರು. ಇಬ್ಬರೂ ಓಡಿ ನಾಗಮಂಗಲದ ಬಸ್ಸು ಹಿಡಿದರು.

ಚಿಕ್ಕಬೋರಮ್ಮನವರು ಆನೆಯನ್ನು ಮಡಿಲಿಗೆ ಹಾಕಿಕೊಂಡು ಹಣೆ ಸವರಿದರು. "ಅಬ್ಬಬ್ಬಾ, ಏನ್ ನಾಜೂಕು! ಒಂದು ತೂತಾದ್ರೂ ಅದೆಯಾ ನೋಡ್ರವ್ವಾ!"

ನೆಂಟರೆಲ್ಲ ಬಾಗಿ ನೋಡಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. ಅಷ್ಟರಲ್ಲಿ ಬೀಗಿತ್ತಿ ಆನೆಯನ್ನು ತಿರುಗಿಸಿದರು.

"ಅಯ್ಯೋ, ಇದ್ಕೇನು ಆಪ್ರೇಸನ್ ಆಗದಾ? ಯಾರ್ದು ಈ ಕೆಲ್ಸ?"

ಸೋಮಮ್ಮನವರು ಸೆರಗು ಸರಿಮಾಡಿಕೊಂಡರು. "ಎಣಿಗೆ ಎಲ್ಲಾ ನಂದೇ ಕಣಕ್ಕಾ. ಒಲಿಗೆ ಮಾತ್ರ ನಮ್ಮನೆಯವರ್ದು."

ಮೇಷ್ಟ್ರು ಬಾಯಿ ತೆರೆದರು. ನೆಂಟರ ಕಣ್ಣೆಲ್ಲ ಆ ಹೊಲಿಗೆಯ ಮೇಲಿತ್ತು. ಎದ್ದು ನಿಂತವರು ಮೆಲ್ಲಗೆ ಕೂತರು.

"ಓಗ್ಲಿ ಬುಡಿ ಬೀಗ್ರೇ," ಎಂದು ಚಿಕ್ಕಬೋರಮ್ಮನವರು ಪಾಯಸದ ಲೋಟ ಕೈಗಿತ್ತು ಸಮಾಧಾನ ಹೇಳಿದರು. "ಇಂತಾ ನಾಜೂಕು ಗಂಡುಸ್ರ ಕೈಗೆ ಎಲ್ಲಿಂದ ಬಂದಾತು? ನಮ್ ಬೀಗಿತ್ತಿ ಮುಂದೆ ಕೂತ್ಕಂಡು ಒಸಿ ಕಲ್ತ್ಕಳಿ!"