ಭಾವನ ಭೂತಗನ್ನಡಿ ಮತ್ತು ಕಾವಲು ಕೂತ ಕಣಜ

ನಮ್ಮ ಭಾವನಿಗೆ ಕಟ್ಟಿಕೊಂಡ ಹೆಂಡತಿ ಎದುರಿಗೆ ಬಂದರೂ ಗುರುತು ಸಿಗುವುದಿಲ್ಲ. ಆದರೆ ಎಳ್ಳಿನಷ್ಟು ದಪ್ಪದ ಕಣಜವೊಂದು ಮೂಗಿನ ಮುಂದೆ ಹಾರಿದರೆ ಸಾಕು, ಅದರ ವಂಶಾವಳಿಯನ್ನೇ ಹೇಳಿಬಿಡುತ್ತಾರೆ. ಉತ್ಪ್ರೇಕ್ಷೆ ಅಂದುಕೊಂಡಿರಾ? ಬೀರೂರು ಸಂತೆಯಲ್ಲಿ ನಮ್ಮಕ್ಕನನ್ನೇ "ಏನಮ್ಮಾ, ಸೊಪ್ಪು ಹೆಂಗ್ ಕೊಟ್ಟೆ?" ಎಂದು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ.

ಈ ಹುಚ್ಚು ಹತ್ತಿದ್ದು ಕಡೂರಿನ ಹತ್ತಿರ ಇರುವ ಅವರ ತೆಂಗಿನ ತೋಟದಿಂದ. ಕಪ್ಪುತಲೆ ಹುಳ ಬಿದ್ದು ಗರಿಗಳೆಲ್ಲ ಬೆಂಕಿ ತಾಗಿದಂತೆ ಒಣಗಿದವು. ವಿಷ ಹೊಡೆಯಿರಿ ಎಂದರು ಊರವರು. ಭಾವ ಎಲ್ಲಿಗೋ ತರಬೇತಿಗೆ ಹೋಗಿ, ಗಾಜಿನ ಸೀಸೆಗಳಲ್ಲಿ ಕಣಜ ತುಂಬಿಕೊಂಡು ಬಂದರು. ಇವು ಹುಳದ ಮೇಲೆ ಮೊಟ್ಟೆ ಇಡುತ್ತವೆ, ಮರಿಗಳು ಆ ಹುಳವನ್ನೇ ತಿಂದು ಬೆಳೆಯುತ್ತವೆ. ಅದರಲ್ಲೂ ಎರಡು ಜಾತಿ, ಒಂದು ಕಂದು, ಇನ್ನೊಂದು ಕಪ್ಪು. ಕಪ್ಪಿನದಂತೂ ಥೇಟ್ ಇರುವೆ.

ಮಾರನೇ ದಿನ ಅಕ್ಕ ಹೇಳಿದಳು, "ರೀ, ನಿಮ್ ಸೀಸೇಗೆಲ್ಲಾ ಇರುವೆ ನುಗ್ಗಿತ್ತು. ಝಾಡ್ಸಿ, ತೊಳ್ದು ಬೋರಲು ಹಾಕಿದೀನಿ."

ಭಾವ ಅನ್ನದ ತಟ್ಟೆ ಸರಿಸಿದರು. "ಅದು ಇರುವೆ ಅಲ್ಲ ಕಣೇ. ಅದ್ರ ಸೊಂಟ ನೋಡ್ಬಾರ್ದಾ?"

"ಹೆಂಡ್ತಿ ಸೊಂಟ ನೋಡಕ್ಕೆ ಪುರ್ಸೊತ್ತಿಲ್ಲ, ಇರುವೆ ಸೊಂಟ ನೋಡ್ತಾರಂತೆ."

ಭಾವ ಮತ್ತೆ ಹೋಗಿ ಹೊಸ ಸೀಸೆಗಳನ್ನು ತಂದು ಕಣಜಗಳನ್ನು ತೋಟಕ್ಕೆ ಬಿಟ್ಟರು.

ಅದೇ ದಿನಗಳಲ್ಲಿ ನನಗೆ ಹೆಣ್ಣು ನೋಡಲು ಅಜ್ಜಂಪುರಕ್ಕೆ ಹೋದೆವು. ಹುಡುಗಿ ಉಪ್ಪಿಟ್ಟು ತಂದಳು. ಭಾವ ಭೂತಗನ್ನಡಿ ಹಿಡಿದು ಕಿಟಕಿಯಾಚೆಯ ದಾಸವಾಳದ ಗಿಡದಲ್ಲಿ ಮುಳುಗಿದ್ದರು. ಹುಡುಗಿಯ ತಂದೆ, "ಏನಂತೀರಾ ಯಜಮಾನ್ರೇ?" ಎಂದು ಕೇಳಿದರು. ಭಾವ ತಿರುಗಿ, "ದಯವಿಟ್ಟು ಈ ಗಿಡಕ್ಕೆ ಔಷಧಿ ಹೊಡೀಬೇಡಿ" ಎಂದರು. ಎಲ್ಲರೂ ಪೆಚ್ಚಾದರು. ಹುಡುಗಿಯೊಬ್ಬಳೇ ಕಿಸಕ್ಕನೆ ನಕ್ಕಳು. ನಾನು ಅಲ್ಲೇ ಒಪ್ಪಿಕೊಂಡುಬಿಟ್ಟೆ.

ಮದುವೆ ಮುಗಿದರೂ ಗರಿ ಹಸಿರಾಗಲಿಲ್ಲ. ಅಕ್ಕನ ತಾಳ್ಮೆ ಮುಗಿಯಿತು. ಅವಳ ಅತ್ತೆ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರಗಳವು. ತರೀಕೆರೆಯಿಂದ ಔಷಧಿ ಹೊಡೆಯುವವನನ್ನು ಅವಳೇ ಕರೆಸಿದಳು. ವಿಷ ಬಿದ್ದರೆ ಹುಳದ ಜೊತೆ ಕಣಜಗಳೂ ಸಾಯುತ್ತವೆ. ಭಾವ ದೋಟಿಯಿಂದ ಒಂದು ಗರಿ ಎಳೆದು ಕೆಡವಿ ಅವಳ ಮುಂದೆ ಹಿಡಿದರು.

"ಇರುವೆ," ಎಂದಳು ಅಕ್ಕ.

"ಕಡ್ಡೀಲಿ ಮುಟ್ಟು. ಇರುವೆ ಆದ್ರೆ ಓಡ್ತದೆ."

ಮುಟ್ಟಿದಳು. ಅದು ಓಡಲಿಲ್ಲ. ಸತ್ತ ಹುಳದ ಪಕ್ಕದಲ್ಲಿ, ತನ್ನ ಮರಿಗಳಿಗೆ ಅಂಟಿಕೊಂಡು ಕೂತಿತ್ತು.

"ಕಂದು ಜಾತಿ ಮೊಟ್ಟೆ ಇಟ್ಟು ಹೊಂಟೋಗ್ತದೆ. ಇದು ಹೋಗಲ್ಲ. ಮರಿಗಳು ಗೂಡು ಕಟ್ಕೊಳೋ ತಂಕ ಕಾವಲು ಕೂತಿರ್ತದೆ."

ಅಕ್ಕ ಭೂತಗನ್ನಡಿ ಕಸಿದುಕೊಂಡು ಬಹಳ ಹೊತ್ತು ನೋಡಿದಳು. ಕೊನೆಗೆ, "ಅಲ್ಲೀತಂಕ ಇದಕ್ಕೆ ಊಟ?" ಎಂದಳು. ಆಮೇಲೆ ಔಷಧಿಯವನತ್ತ ತಿರುಗಿ, "ಟೀ ಕುಡ್ಕೊಂಡು ಹೋಗಪ್ಪಾ, ಹೊಡೆಯೋದು ಬೇಡ" ಎಂದಳು.

ಈಗ ಸುಳಿಯಿಂದ ಹೊಸ ಗರಿಗಳು ಹಸಿರಾಗಿ ಬಿಚ್ಚುತ್ತಿವೆ. ಮೊನ್ನೆ ತೋಟದಲ್ಲಿ ಕೇಳಿದೆ, "ಭಾವ, ಅಷ್ಟು ಸಣ್ಣದು, ಇರುವೆ ತರಾನೇ ಬೇರೆ ಇದೆ. ಹೆಂಗೆ ಗುರುತು ಸಿಗ್ತದೆ ನಿಮ್ಗೆ?"

ಅಕ್ಕ ಆಚೆ ಸೋಗೆ ರಾಶಿ ಮಾಡುತ್ತಿದ್ದಳು. ಅವ್ವ ಹೋದಾಗ ಕೂಸಾಗಿದ್ದ ನನ್ನನ್ನು ಭಾವನ ಮನೆಗೇ ತಂದು ಸಾಕಿದವಳು ಅವಳೇ. ಮೀಸೆ ಬಂದ ಮೇಲೆ ನಾನು ಹತ್ತನೇ ತರಗತಿಗೆ ಓದಲು ಕೂತಾಗ, ಅಕ್ಷರ ಬಾರದಿದ್ದರೂ ಅವರೆಕಾಯಿ ಬಿಡಿಸುತ್ತ ಪಕ್ಕದಲ್ಲೇ ಕೂರುತ್ತಿದ್ದಳು. ಪುಸ್ತಕ ಮುಚ್ಚುವ ತನಕ ಏಳುತ್ತಿರಲಿಲ್ಲ.

ಭಾವ ಗದ್ದದಿಂದ ಅಕ್ಕನತ್ತ ತೋರಿಸಿದರು. "ಕಾವಲು ಕೂರೋ ಜಾತಿ ನಂಗೆ ಹೊಸದಲ್ಲ ಕಣೋ. ಮನೇಲೇ ನೋಡಿದ್ದೆ."